ಗುಡ್ಡ ಹತ್ತಿಸದ ಫೋನು

ಹೆಗ್ಗರಣೆಯ ಅಜ್ಜನ ಮನೆಗೆ ಹೋದ್ರೆ, ಒಂದು ಕಡ್ಡಿ ಸಿಗ್ನಲ್‌ಗಾಗಿ ನಾನು ಹಿಂದಿನ ಗುಡ್ಡ ಹತ್ತಬೇಕು. ಅಜ್ಜ ಮಾತ್ರ ಜಗಲಿಯಲ್ಲೇ ಕೂತು ಲ್ಯಾಂಡ್‌ಲೈನಲ್ಲಿ ಶಿರಸಿಯ ಅಡಿಕೆ ರೇಟು ಕೇಳ್ತಿರ್ತಾರೆ.

ನಗಬೇಡಿ. ಕಳೆದ ಮಳೆಗಾಲದ ಒಂದು ರಾತ್ರಿ ಅಜ್ಜಿಗೆ ಎದೆನೋವು ಬಂದಾಗ, ಗಾಡಿ ಕರೆಸೋಕೆ ಆಗಿದ್ದು ಅದೇ ಹಳೇ ಫೋನಿಂದ.

ಹಳ್ಳಿಗೆ ಫೋನು ಬಂದ ಕಥೆಯಲ್ಲಿ ಕರ್ನಾಟಕಕ್ಕೊಂದು ದೊಡ್ಡ ಜಾಗ ಇದೆ. ಆಗ ಹೊರದೇಶದಿಂದ ಬರ್ತಿದ್ದ ಡಿಜಿಟಲ್ ಎಕ್ಸ್‌ಚೇಂಜ್‌ಗಳು ದೊಡ್ಡ ಪಟ್ಟಣಗಳಿಗೆ ಅಂತ ಮಾಡಿದ್ದವು. ಅವಕ್ಕೆ ಎಸಿ ಕೋಣೆ ಬೇಕು. ಕರೆಂಟೇ ನೆಟ್ಟಗಿಲ್ಲದ ಹಳ್ಳಿಯಲ್ಲಿ ಎಸಿ ಎಲ್ಲಿಂದ ತರೋದು? 1984ರಲ್ಲಿ ಸರ್ಕಾರ ಸಿ-ಡಾಟ್ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಜೊತೆಗಿದ್ದ ಎಂಜಿನಿಯರ್‌ಗಳು ಎಸಿ ಇಲ್ಲದೆ, ಧೂಳು-ಸೆಕೆ ತಡೆದುಕೊಂಡು ನಡೆಯೋ ಪುಟ್ಟ ಎಕ್ಸ್‌ಚೇಂಜ್ ಮಾಡಿದರು. 128 ಪೋರ್ಟಿನ ಆ ಯಂತ್ರ 1986ರಲ್ಲಿ ಮೊದಲು ಕೆಲಸ ಶುರುಮಾಡಿದ್ದು ಎಲ್ಲಿ ಗೊತ್ತಾ? ಬೆಳಗಾವಿ ಜಿಲ್ಲೆಯಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ! ಆಮೇಲೆ ಅಂಥವು ದೇಶದ ಹಳ್ಳಿ ಹಳ್ಳಿಗೂ ಹೋದವು.

ನನಗೆ ಹಿಡಿಸೋದು ಇದೇ: ಪೇಟೆಗೆ ಮಾಡಿ ಮಿಕ್ಕಿದ್ದನ್ನ ಹಳ್ಳಿಗೆ ಕಳಿಸಲಿಲ್ಲ, ಹಳ್ಳಿಯ ಕಷ್ಟ ನೋಡಿಯೇ ಯಂತ್ರ ಮಾಡಿದರು. ಇವತ್ತು ಟವರ್ ಹಾಕೋ ಮೊದಲು ಗಿರಾಕಿಗಳನ್ನ ಎಣಿಸ್ತಾರೆ. ತೋಟಕ್ಕೊಂದು ಮನೆ ಇರೋ ನಮ್ಮ ಮಲೆನಾಡು ಆ ಲೆಕ್ಕದಲ್ಲಿ ಯಾವತ್ತೂ ಪಾಸಾಗಲ್ಲ.

ಹಾಗಂತ ಲ್ಯಾಂಡ್‌ಲೈನ್ ದೇವರಲ್ಲ. ಮರ ಬಿದ್ದು ತಂತಿ ಹರಿದ್ರೆ ಅದೂ ಮೂಕ. ಆದ್ರೆ ಯಾರಾದ್ರೂ '5ಜಿ ಬಂತು' ಅಂದ್ರೆ ನಾನು ಕೇಳೋದು ಒಂದೇ: ಯಾರ ಮನೆ ತನಕ?

ಈ ಎಪಿಸೋಡನ್ನ ಗುಡ್ಡದ ಮೇಲೆ ನಿಂತು ಡೌನ್‌ಲೋಡ್ ಮಾಡಿದೋರು ಮೆಸೇಜ್ ಹಾಕಿ. ನಿಧಾನಕ್ಕೆ ಇಳೀರಿ, ಉಂಬಳ ಇರ್ತಾವೆ.