ಕೋರ್ಟಿನ ಕನ್ನಡ: ಮಿತಾಕ್ಷರದಿಂದ ನ್ಯಾಯ ಸಂಹಿತೆಯವರೆಗೆ

ಕೋರ್ಟಿನ ಮೆಟ್ಟಿಲು ಹತ್ತಿದವರ ಕಿವಿಗೆ ಬೀಳುವ ಪದಗಳಿಗೆ ಒಂದೇ ತವರಿಲ್ಲ. ಸಾಕ್ಷಿ, ದಂಡ ಸಂಸ್ಕೃತದವು. ವಕೀಲ, ಅರ್ಜಿ, ಜಾಮೀನು ಅರಬ್ಬಿ-ಫಾರಸಿ ಮೂಲದವು. ಸಮನ್ಸ್, ವಾರಂಟ್, ಡಿಕ್ರಿ ಇಂಗ್ಲಿಷಿನವು. ಈ ಪದಸಂಪತ್ತು ಬೆಳೆದ ಬಗೆ ನೋಡಿದರೆ ಕನ್ನಡಕ್ಕೆ ಕಾನೂನು ಪದಗಳ ಬಡತನ ಬಂದದ್ದೇ ಇಲ್ಲ. ಅವನ್ನು ಕಕ್ಷಿದಾರರಿಗೆ ಬಿಡಿಸಿ ಹೇಳುವ ಹೊಣೆಯನ್ನು ಮಾತ್ರ ಯಾರೂ ಪೂರ್ತಿಯಾಗಿ ಹೊರಲಿಲ್ಲ.

ಮೊದಲ ಪದರ ನಮ್ಮ ನೆಲದ್ದೇ. ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126), ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅದರ ನಿಲುವನ್ನು ಬ್ರಿಟಿಷ್ ಕೋರ್ಟುಗಳೂ ಎತ್ತಿಹಿಡಿದವು. ಬಂಗಾಳದ ಕಡೆ ಮಾತ್ರ ‘ದಾಯಭಾಗ’ ಎಂಬ ಬೇರೆ ಪದ್ಧತಿ ನಡೆಯಿತು. ಇಂದಿಗೂ ಪಾಲಿನ ದಾವೆ ಹೂಡುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ, ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದು. ಹೆಣ್ಣುಮಕ್ಕಳು ಈ ಹಕ್ಕಿನೊಳಗೆ ಬರಲು ಶತಮಾನಗಳೇ ಹಿಡಿದವು. 1994ರಲ್ಲಿ ಕರ್ನಾಟಕ ಅವಿವಾಹಿತ ಹೆಣ್ಣುಮಕ್ಕಳಿಗಷ್ಟೇ ಬಾಗಿಲು ತೆರೆಯಿತು. 2005ರ ಕೇಂದ್ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು.

ಎರಡನೆಯದು ಫಾರಸಿಯ ಪದರ. 1837ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಕೋರ್ಟುಗಳಿಂದ ಫಾರಸಿಯನ್ನು ಕೈಬಿಡಲು ಕಾಯಿದೆ ಮಾಡಿದರೂ ಫಿರ್ಯಾದಿ, ಜಪ್ತಿ, ಮಹಜರು, ತಕರಾರು, ವಕಾಲತ್ತು ಜನರ ಬಾಯಲ್ಲಿ ಉಳಿದವು. ಕನ್ನಡ ನಾಡು ಹಂಚಿಹೋಗಿದ್ದರಿಂದ ಸೀಮೆಗೊಂದು ಬಳಕೆ ಬೆಳೆಯಿತು. ಮೈಸೂರಿನ ಅಮಲ್ದಾರ, ಮುಂಬೈ ಪ್ರಾಂತದಲ್ಲಿ ಮಾಮಲೇದಾರ, ಮದರಾಸಿನಲ್ಲಿ ತಹಶೀಲ್ದಾರ. ಬೀದರ್, ಕಲಬುರಗಿ, ರಾಯಚೂರುಗಳಲ್ಲಿ ನಿಜಾಮರ ಉರ್ದು ಆಡಳಿತ. 1956ರ ಏಕೀಕರಣದಲ್ಲಿ ಈ ಬಳಕೆಗಳೆಲ್ಲ ಒಂದೇ ರಾಜ್ಯದೊಳಗೆ ಬಂದವು.

ಮೂರನೆಯ ಪದರ ಬ್ರಿಟಿಷರ ಸಂಹಿತೆಗಳದ್ದು: 1860ರ ದಂಡ ಸಂಹಿತೆ, 1872ರ ಸಾಕ್ಷ್ಯ ಕಾಯಿದೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ. ಇವು ಪ್ರತಿ ಪದಕ್ಕೂ ಒಂದು ಹಂತವನ್ನು ಗೊತ್ತುಮಾಡಿದವು. ಜನ ಸೋಲುವುದು ಇಲ್ಲಿಯೇ. ಪೊಲೀಸರು ಮಾಡುವುದು ತನಿಖೆ. ಕೋರ್ಟು ನಡೆಸುವುದು ವಿಚಾರಣೆ. ಆರೋಪ ಹೊತ್ತವರು ಆರೋಪಿ. ತಪ್ಪು ಸಾಬೀತಾದ ಮೇಲಷ್ಟೇ ಅಪರಾಧಿ. ಜಾಮೀನು ಸಿಕ್ಕಿತೆಂದರೆ ಕೇಸು ಮುಗಿಯಿತೆಂದಲ್ಲ. ಕರೆದಾಗ ಹಾಜರಾಗದಿದ್ದರೆ ಜಾಮೀನು ರದ್ದಾಗಬಹುದು, ವಾರಂಟ್ ಹೊರಡಬಹುದು. ಖುಲಾಸೆಯೆಂದರೆ ಆರೋಪದಿಂದಲೇ ಬಿಡುಗಡೆ.

ಸಿವಿಲ್ ಬದಿಯಲ್ಲಿ ಪೆಟ್ಟು ಸದ್ದಿಲ್ಲದೆ ಬೀಳುತ್ತದೆ. ಜಮೀನಿನ ದಾವೆಯ ಸಮನ್ಸ್ ಮನೆಗೆ ಬಂದಿದೆ ಎನ್ನಿ. ಅದು ತಲುಪಿದ 30 ದಿನಗಳೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಬೇಕು. ಕೋರ್ಟು ಇನ್ನಷ್ಟು ಕಾಲಾವಕಾಶ ಕೊಡಬಹುದು. ಸಮನ್ಸನ್ನು ಪೆಟ್ಟಿಗೆಯಲ್ಲಿಟ್ಟು ಹಾಜರಾಗದೆ ಕೂತರೆ ಏಕಪಕ್ಷೀಯ ಡಿಕ್ರಿ ಆಗಿಬಿಡಬಹುದು. ಗೆದ್ದವರಿಗೂ ಡಿಕ್ರಿಯಿಂದಲೇ ಜಮೀನು ಕೈಗೆ ಬರುವುದಿಲ್ಲ. ಎದುರು ಪಕ್ಷ ಬಿಟ್ಟುಕೊಡದಿದ್ದರೆ ಡಿಕ್ರಿಯನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಬೇಕು, ಅದಕ್ಕೂ ಸಾಮಾನ್ಯವಾಗಿ 12 ವರ್ಷಗಳ ಗಡುವುಂಟು. ಈ ಒಂದು ಪದ ತಿಳಿಯದೆ, ಗೆದ್ದ ಕೇಸಿನ ಫಲವನ್ನೂ ಕಳೆದುಕೊಳ್ಳಬಹುದು.

ಸ್ವಾತಂತ್ರ್ಯಾನಂತರ, ಕಾನೂನು ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬ ಪ್ರಶ್ನೆ ಮುಂದೆ ಬಂತು. 1962ರ ಹರಿಕಿಸನ್ ಪ್ರಕರಣದಲ್ಲಿ, ಇಂಗ್ಲಿಷ್ ಬಾರದ ಬಂಧಿತನಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು ಬಾಯಲ್ಲಿ ಅರ್ಥ ಹೇಳಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ ಹೇಳಿತು. ತಿಳಿಯುವ ಭಾಷೆ ಸ್ವಾತಂತ್ರ್ಯದ ಹಕ್ಕಿನ ಭಾಗ ಎಂಬುದು ಅಲ್ಲಿಂದ ಗಟ್ಟಿಯಾಯಿತು. ರಾಜ್ಯದ 1963ರ ರಾಜಭಾಷಾ ಕಾಯಿದೆ ಕನ್ನಡವನ್ನು ಆಡಳಿತ ಭಾಷೆಯಾಗಿಸಿತು. ಆದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಭಾಷೆ ಇಂಗ್ಲಿಷಾಗಿಯೇ ಉಳಿಯಿತು. 2019ರಿಂದ ಸುಪ್ರೀಂ ಕೋರ್ಟಿನ ಆಯ್ದ ತೀರ್ಪುಗಳು ಕನ್ನಡದಲ್ಲೂ ಸಿಗುತ್ತಿವೆ. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲೂ ತೀರ್ಪು ನೀಡಿತು.

ಅದೇ ವರ್ಷದ ಜುಲೈ 1ರಿಂದ, 1860ರ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಮಾತಿನಲ್ಲಿ ಬೇರೂರಿದ್ದ ವಂಚನೆಯ 420 ಈಗ 318(4). ಕೊಲೆಯ 302 ಈಗ 103. ಹಳೆಯದನ್ನೇ ಅರಿಯದವರ ಮುಂದೆ ಹೊಸ ಅಂಕಿಗಳು ಬಂದು ನಿಂತಿವೆ.

ಹೊಸ ಪದ ಟಂಕಿಸುವುದು, ಹಳೆಯದನ್ನು ಶುದ್ಧಗೊಳಿಸುವುದು ಈ ಹೊತ್ತಿನ ಮುಖ್ಯ ಕೆಲಸವಲ್ಲ. ಜಾಮೀನು, ಮಹಜರು ಕನ್ನಡವೇ ಆಗಿವೆ, ಇರಲಿ. ಅವುಗಳ ಅರ್ಥ ಜನರಿಗೆ ತಿಳಿಯಬೇಕು, ಅಷ್ಟೆ. ದೂರು ದಾಖಲಾದಾಗ ಅದನ್ನು ಓದಿ ಹೇಳಿಸಿಕೊಳ್ಳುವುದು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ಉಚಿತ ವಕೀಲರ ನೆರವುಂಟು. ಸಹಿ ಹಾಕುವ ಮೊದಲು ‘ಇದರ ಅರ್ಥವೇನು?’ ಎಂದು ಪ್ರತಿಯೊಬ್ಬರೂ ಕೇಳಬೇಕು. ಉತ್ತರವನ್ನು ತಿಳಿಗನ್ನಡದಲ್ಲಿ ಕೊಡುವುದು ವಕೀಲರ, ಪೊಲೀಸರ, ಕೋರ್ಟು ಸಿಬ್ಬಂದಿಯ ಕರ್ತವ್ಯ.