ಡಬಲ್ ಸೆವೆನ್: ಮೈಸೂರಲ್ಲಿ ಹುಟ್ಟಿ ಸೋತ ಕೋಲಾ

1/9
ಥಮ್ಸ್ ಅಪ್ ಎಲ್ಲರಿಗೂ ಗೊತ್ತು. ಕ್ಯಾಂಪಾ ಕೋಲಾ ಮತ್ತೆ ಅಂಗಡಿಗೆ ಬಂದಿದೆ. ಆದ್ರೆ ಇವೆರಡರ ಜೊತೆ ಅದೇ ಕಾಲದಲ್ಲಿ ಪೈಪೋಟಿಗೆ ಇಳಿದ ಇನ್ನೊಂದು ಕೋಲಾ ಇತ್ತು, ಗೊತ್ತಾ? ಅದನ್ನು ತಂದದ್ದು ಖಾಸಗಿ ಕಂಪನಿ ಅಲ್ಲ, ಭಾರತ ಸರ್ಕಾರ. ಫಾರ್ಮುಲಾ ತಯಾರಾದದ್ದು ನಮ್ಮ ಮೈಸೂರಲ್ಲಿ. ಹೆಸರು ಡಬಲ್ ಸೆವೆನ್, ಅಂದ್ರೆ 77. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಆದ್ರೆ ಅದನ್ನ ಇಷ್ಟಪಟ್ಟು ಕುಡಿದವರೂ ಇದ್ದರು. ಈ ಸರಣಿ ಅವರ ಬಗ್ಗೆ. ಸ್ವಲ್ಪ ಉದ್ದ ಇದೆ, ನಿಧಾನಕ್ಕೆ ಓದಿ.

2/9
ಮೊದಲು ಹಿನ್ನೆಲೆ. ಕೋಕಾ-ಕೋಲಾ ಭಾರತಕ್ಕೆ ಬಂದದ್ದು 1950ರಲ್ಲಿ. 1973ರಲ್ಲಿ ಇಂದಿರಾ ಗಾಂಧಿ ಸರ್ಕಾರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ತಂದಿತು. ಪರೀಕ್ಷೆಗೆ ಓದುವಾಗ 'ಫೆರಾ' ಅಂತ ಬಾಯಿಪಾಠ ಮಾಡ್ತೀವಲ್ಲ, ಅದೇ. ಅದರ ಪ್ರಕಾರ ಇಂಥ ವಿದೇಶಿ ಕಂಪನಿಗಳು ಇಲ್ಲಿನ ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಬೇಕಿತ್ತು.

ತುರ್ತು ಪರಿಸ್ಥಿತಿಯ ನಂತರ 1977ರ ಮಾರ್ಚ್‌ನಲ್ಲಿ ನಡೆದ ಚುನಾವಣೆಯಲ್ಲಿ ಜನತಾ ಪಕ್ಷ ಗೆದ್ದಿತು. ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಸಚಿವರಾದರು. ಪಾಲನ್ನು ಬಿಟ್ಟುಕೊಡಿ, ಕೋಲಾ ತಯಾರಿಸುವ ತಿಳಿವಳಿಕೆಯನ್ನೂ ಭಾರತೀಯ ಕಂಪನಿಗೆ ಕೊಡಿ ಎಂದು ಸರ್ಕಾರ ಪಟ್ಟು ಹಿಡಿಯಿತು. ಫಾರ್ಮುಲಾದ ಗುಟ್ಟು ಬಿಟ್ಟುಕೊಡೋದಕ್ಕಿಂತ ಗಂಟುಮೂಟೆ ಕಟ್ಟೋದೇ ವಾಸಿ ಅಂತ ಕಂಪನಿ ದೇಶ ಬಿಟ್ಟೇ ಹೋಯ್ತು.

3/9
ಕೋಲಾ ಹೋಯ್ತು, ಕೋಲಾ ಕುಡಿದು ರೂಢಿಯಾದ ನಾಲಿಗೆ ಇಲ್ಲೇ ಉಳೀತು. ಹಾಗಾದ್ರೆ ನಾವೇ ಒಂದು ಮಾಡೋಣ ಅಂತ ಸರ್ಕಾರ ಹೊರಟಿತು. ಆ ಕೆಲಸ ಬಂದದ್ದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯಕ್ಕೆ. ನಾವೆಲ್ಲ 'ಸಿಎಫ್‌ಟಿಆರ್‌ಐ' ಅಂತೀವಲ್ಲ, ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಅರಮನೆಯಲ್ಲಿ 1950ರಿಂದ ಇರುವ ಅದೇ ಸಂಸ್ಥೆ.

ಇವರ ಕೈಗುಣ ಸಾಮಾನ್ಯ ಅಲ್ಲ. ಎಮ್ಮೆ ಹಾಲಿನಿಂದ ಹಸುಗೂಸುಗಳಿಗೆ ಒಗ್ಗುವ ಹಾಲಿನಪುಡಿ ಮಾಡುವ ವಿಧಾನ ಕಂಡುಹಿಡಿದವರು ಇಲ್ಲಿಯವರೇ. ಅಮೂಲ್ ಬೇಬಿ ಫುಡ್ ಹುಟ್ಟಿದ್ದು ಹಾಗೆ. ಅಂಥ ಜಾಗದಲ್ಲಿ ಡಬಲ್ ಸೆವೆನ್‌ನ ಕಾನ್ಸಂಟ್ರೇಟ್ ತಯಾರಾಯ್ತು. ಕೋಲಾದಲ್ಲಿ ಬಹುಪಾಲು ಇರೋದು ನೀರು, ಸಕ್ಕರೆ, ಗ್ಯಾಸು. ಒಂದು ಕೋಲಾವನ್ನ ಇನ್ನೊಂದರಿಂದ ಬೇರೆ ಮಾಡೋದು ಈ ಕಾನ್ಸಂಟ್ರೇಟ್, ಅಂದ್ರೆ ಬಾಟಲಿಗೆ ತೀರಾ ಕಡಿಮೆ ಪ್ರಮಾಣದಲ್ಲಿ ಬೀಳುವ ಆ ಸತ್ವ. ಇಡೀ ಜಗಳ ನಡೆದದ್ದೂ ಅದಕ್ಕಾಗಿಯೇ.

4/9
ಹೆಸರಿಡೋಕೆ ಸ್ಪರ್ಧೆ ನಡೀತು. ಗೆದ್ದವರು ಸಂಸದ ಎಚ್.ವಿ. ಕಾಮತ್. ಇವರೂ ಮಂಗಳೂರಲ್ಲೇ ಹುಟ್ಟಿದವರು! ಐಸಿಎಸ್ ಕೆಲಸ ಬಿಟ್ಟು ಸುಭಾಷ್ ಚಂದ್ರ ಬೋಸ್ ಜೊತೆ ಸೇರಿದವರು. ಸಂವಿಧಾನದ ಪೀಠಿಕೆ ದೇವರ ಹೆಸರಿನಲ್ಲಿ ಶುರುವಾಗಲಿ ಅಂತ ಸಂವಿಧಾನ ಸಭೆಯಲ್ಲಿ ತಿದ್ದುಪಡಿ ತಂದು 41–68 ಮತಗಳಿಂದ ಸೋತವರು. ಅಲ್ಲಿ ಸೋತ ಸಲಹೆಗಾರ ಇಲ್ಲಿ ಗೆದ್ದರು.

ಆದ್ರೆ ಆ ಹೆಸರಲ್ಲೇ ಒಂದು ತೊಡಕಿತ್ತು. 77 ಅಂದ್ರೆ ಇಂದಿರಾ ಗಾಂಧಿ ಸೋತ ವರ್ಷ. ಬಾಟಲಿಯ ಮೇಲೆ ಒಂದು ಚುನಾವಣೆಯ ಫಲಿತಾಂಶವನ್ನೇ ಬರೆದ ಹಾಗೆ. ಇಲ್ಲೊಂದು ತಮಾಷೆ ನೋಡಿ: ಆ ಚುನಾವಣೆಯಲ್ಲಿ ಕರ್ನಾಟಕದ 28 ಸೀಟುಗಳಲ್ಲಿ 26 ಕಾಂಗ್ರೆಸ್ಸಿಗೇ ಬಿದ್ದಿದ್ದವು. 1978ರ ನವೆಂಬರ್‌ನಲ್ಲಿ ಇಂದಿರಾ ಮತ್ತೆ ಲೋಕಸಭೆಗೆ ಹೋದದ್ದು ನಮ್ಮ ಚಿಕ್ಕಮಗಳೂರಿನಿಂದ. ಫಾರ್ಮುಲಾ ಕೊಟ್ಟ ರಾಜ್ಯವೇ ಆ ಹೆಸರಿನ ವಿರುದ್ಧ ಮತ ಹಾಕಿತ್ತು!

5/9
ದೆಹಲಿಯ ಪ್ರಗತಿ ಮೈದಾನದ ಮೇಳದಲ್ಲಿ ಡಬಲ್ ಸೆವೆನ್ ಬಿಡುಗಡೆ ಆಯ್ತು. ಮಾರುವ ಹೊಣೆ ಹೊತ್ತದ್ದು ಸರ್ಕಾರದ್ದೇ ಆದ ಮಾಡರ್ನ್ ಬೇಕರೀಸ್, ಮುಂದೆ ಮಾಡರ್ನ್ ಫುಡ್ ಇಂಡಸ್ಟ್ರೀಸ್ ಅಂತ ಹೆಸರು ಬದಲಿಸಿಕೊಂಡ ಕಂಪನಿ. ಹೌದು, ಮಾಡರ್ನ್ ಬ್ರೆಡ್‌ನವರೇ.

ಎದುರಿಗೆ ಯಾರಿದ್ದರು? ಗೋಲ್ಡ್ ಸ್ಪಾಟ್, ಲಿಮ್ಕಾ ಮಾರಿ ಪಳಗಿದ್ದ ಪಾರ್ಲೆಯವರ ಥಮ್ಸ್ ಅಪ್. ಅಲ್ಲಿವರೆಗೆ ಕೋಕಾ-ಕೋಲಾವನ್ನೇ ಬಾಟಲಿಗೆ ತುಂಬುತ್ತಿದ್ದ ಪ್ಯೂರ್ ಡ್ರಿಂಕ್ಸ್‌ನವರ ಕ್ಯಾಂಪಾ ಕೋಲಾ. ಅವರಿಗೆ ಅಂಗಡಿಗಳೂ ಗೊತ್ತು, ಜಾಹೀರಾತಿನ ಪಟ್ಟುಗಳೂ ಗೊತ್ತು. 1980ರಲ್ಲಿ ಇಂದಿರಾ ಮತ್ತೆ ಪ್ರಧಾನಿಯಾದ ಮೇಲೆ ಡಬಲ್ ಸೆವೆನ್‌ಗೆ ಇದ್ದ ಸರ್ಕಾರದ ಆಸರೆಯೂ ಹೋಯ್ತು. ತನ್ನ ಸೋಲಿನ ವರ್ಷವನ್ನ ಹೆಸರಾಗಿಟ್ಟುಕೊಂಡ ಪಾನೀಯವನ್ನ ಯಾವ ಸರ್ಕಾರ ತಾನೇ ಸಾಕುತ್ತೆ ಹೇಳಿ? 2000ದ ಜನವರಿಯಲ್ಲಿ ಮಾಡರ್ನ್ ಫುಡ್‌ನ ಶೇ. 74 ಪಾಲು ಹಿಂದೂಸ್ತಾನ್ ಲಿವರ್‌ಗೆ ಮಾರಾಟ ಆಯ್ತು.

6/9
ಈಗ ನಮ್ಮಜ್ಜನ ವಿಷಯಕ್ಕೆ ಬರ್ತೀನಿ. ಆಗ ಅವರು ದೆಹಲಿಯ ಒಂದು ಕಚೇರಿಯಲ್ಲಿ ಗುಮಾಸ್ತರು, ಇನ್ನೂ ಮದುವೆ ಆಗಿರಲಿಲ್ಲ. ಅವರಿಗೆ ಡಬಲ್ ಸೆವೆನ್ ಅಂದ್ರೆ ಪ್ರಾಣ. ಜೊತೆಯವರೆಲ್ಲ "ಸರ್ಕಾರಿ ಕೋಲಾ ಬಂತು, ಫೈಲ್ ಥರ ನಿಧಾನಕ್ಕೆ ಕುಡಿ" ಅಂತ ಆಡಿಕೊಳ್ತಿದ್ರಂತೆ.

"ರುಚಿ ಹೇಗಿತ್ತು ಅಜ್ಜ?" ಅಂತ ಕೇಳಿದೆ. ತುಂಬ ಹೊತ್ತು ಯೋಚಿಸಿದರು. "ಥಮ್ಸ್ ಅಪ್ ಅಲ್ಲ, ಕ್ಯಾಂಪಾ ಅಲ್ಲ. ಅದು ಅದರ ಥರಾನೇ ಇತ್ತು" ಅಂದರು. ನಾನು ಬಿಡಲಿಲ್ಲ. ಮೈಸೂರಿಂದ ಬಂದದ್ದು ಅಂತ ಅಭಿಮಾನ ಇತ್ತಾ, ಊರು ಬಿಟ್ಟು ಅಷ್ಟು ದೂರ ಇದ್ರಲ್ಲ, ಅದಕ್ಕಾ, ಅಂತ ಕೆದಕಿದೆ. ಅಜ್ಜನಿಗೆ ರೇಗಿತು. "ಚೆನ್ನಾಗಿತ್ತು, ಕುಡೀತಿದ್ದೆ. ಅದಕ್ಕೆ ಕಾರಣ ಬೇರೆ ಬೇಕೇನು?"

ಈ ಪ್ರಶ್ನೆ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಥಮ್ಸ್ ಅಪ್ ಇಷ್ಟ ಅಂದವರನ್ನ ಯಾರೂ 'ಯಾಕೆ' ಅಂತ ಕೇಳಲ್ಲ. ಹತ್ತು ಜನರ ಇಷ್ಟಕ್ಕೆ ರುಚಿ ಅಂತೀವಿ. ಒಬ್ಬರ ಇಷ್ಟಕ್ಕೆ ಮಾತ್ರ ಅಭಿಮಾನ, ಒಂಟಿತನ, ಹಳೇ ನೆನಪು ಅಂತ ಕಾರಣ ಹುಡುಕ್ತೀವಿ.

7/9
ಇದನ್ನ ಅಮೆರಿಕದ ಒಂದು ಪ್ರಸಂಗದ ಪಕ್ಕದಲ್ಲಿಟ್ಟು ನೋಡಿ. 1985ರ ಏಪ್ರಿಲ್ 23ರಂದು ಕೋಕಾ-ಕೋಲಾ ತನ್ನ ಹಳೇ ರುಚಿಯನ್ನೇ ಬದಲಿಸಿ 'ನ್ಯೂ ಕೋಕ್' ತಂದಿತು. ಅದಕ್ಕೂ ಮೊದಲು ಸುಮಾರು 2 ಲಕ್ಷ ಜನರಿಗೆ ಕುಡಿಸಿ ನೋಡಿದ್ದರು, ಹೆಚ್ಚಿನವರು ಹೊಸದೇ ಚೆನ್ನಾಗಿದೆ ಅಂದಿದ್ದರು. ಆದ್ರೂ ಹಳೆಯದು ಬೇಕು ಅಂತ ದೊಡ್ಡ ಗಲಾಟೆ ಎದ್ದು, 79 ದಿನಗಳಲ್ಲಿ ಹಳೇ ಕೋಕ್ ವಾಪಸ್ ಬಂತು. ಇದನ್ನ ಗ್ರಾಹಕರ ಗೆಲುವು ಅಂತ ಎಲ್ಲ ಕಡೆ ಬರೀತಾರೆ.

ಹಾಗಾದ್ರೆ ಹೊಸದನ್ನ ನಿಜವಾಗಿ ಇಷ್ಟಪಟ್ಟವರು ಗ್ರಾಹಕರಲ್ಲವಾ? ಅವರ ಕೋಕ್ 'ಕೋಕ್ 2' ಅಂತ ಹೆಸರು ಬದಲಿಸಿಕೊಂಡು ಮೂಲೆ ಸೇರಿ, 2002ರಲ್ಲಿ ನಿಂತೇ ಹೋಯ್ತು. 2019ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಮೂರನೇ ಸೀಸನ್ ನೆಪದಲ್ಲಿ ಸ್ವಲ್ಪ ದಿನ ಮತ್ತೆ ಸಿಕ್ತು. ಫಾರ್ಮುಲಾ ಇಟ್ಟುಕೊಂಡ ಕಂಪನಿ ಬದುಕಿತ್ತು, ಹಾಗಾಗಿ ಸಾಧ್ಯ ಆಯ್ತು.

8/9
ನಮ್ಮಲ್ಲೂ ವಾಪಸ್ ಬಂದವು ಇವೆ. ಕ್ಯಾಂಪಾವನ್ನ ರಿಲಯನ್ಸ್ ಕೊಂಡು 2023ರಲ್ಲಿ ಮತ್ತೆ ತಂದಿತು. ಜನ ಇಷ್ಟಪಟ್ಟದ್ದೆಲ್ಲ ವಾಪಸ್ ಬರುತ್ತೆ ಅಂತಲೂ ಅಲ್ಲ. 1993ರಲ್ಲಿ ಕೋಕಾ-ಕೋಲಾ ಭಾರತಕ್ಕೆ ಮರಳಿ ಪಾರ್ಲೆಯ ಬ್ರ್ಯಾಂಡ್‌ಗಳನ್ನ ಕೊಂಡ ಮೇಲೆ ಗೋಲ್ಡ್ ಸ್ಪಾಟ್ ಮಾಯವಾಯ್ತು. ಆದ್ರೆ ಗೋಲ್ಡ್ ಸ್ಪಾಟ್ ಅಂದ ತಕ್ಷಣ ನಿಮ್ಮ ಅಪ್ಪ, ಅಮ್ಮ, ಅತ್ತೆ, ಮಾವ ಎಲ್ಲರ ಮುಖ ಅರಳುತ್ತೆ. ಆ ನೆನಪಿಗೆ ಜೊತೆಗಾರರಿದ್ದಾರೆ. ಒಬ್ಬರು ಮರೆತದ್ದನ್ನ ಇನ್ನೊಬ್ಬರು ಹೇಳ್ತಾರೆ.

ಡಬಲ್ ಸೆವೆನ್ ಇಷ್ಟಪಟ್ಟವರಿಗೆ ಆ ಭಾಗ್ಯ ಇಲ್ಲ. ಅದರ ಹೆಸರು ಎತ್ತಿದ್ರೆ ಎದುರಿಗಿದ್ದವರು ನಗ್ತಾರೆ. ಇತಿಹಾಸದ ಪುಟದಲ್ಲೂ ಅದು 'ವಿಫಲ ಪ್ರಯತ್ನ' ಅನ್ನೋ ಒಂದೇ ಸಾಲು. ವಿಫಲ ಅನ್ನೋದು ಮಾರಾಟದ ಲೆಕ್ಕ, ನಿಜ. ಆದ್ರೆ ಅದು ರುಚಿಯ ಲೆಕ್ಕ ಅಲ್ಲ. ಯುದ್ಧ ಗೆದ್ದವರೇ ಚರಿತ್ರೆ ಬರೀತಾರೆ ಅಂತ ಕ್ಲಾಸಲ್ಲಿ ಚರ್ಚೆ ಮಾಡ್ತೀವಲ್ಲ, ಫ್ರಿಜ್ ಒಳಗೂ ನಡೆಯೋದು ಅದೇ.

9/9
ಅದಕ್ಕೆ ನಿಮ್ಮ ಹತ್ರ ಒಂದು ಕೆಲಸ ಕೇಳ್ತೀನಿ. ಮನೆಯಲ್ಲಿ ದೊಡ್ಡವರಿದ್ದರೆ ಈ ಭಾನುವಾರ ಹತ್ರ ಕೂತು ಕೇಳಿ: ನಿಮಗೊಬ್ಬರಿಗೇ ಇಷ್ಟ ಇದ್ದು, ಬೇರೆಯವರಿಗೆಲ್ಲ ಬೇಡವಾಗಿ, ಈಗ ಸಿಗದೇ ಹೋದ ತಿಂಡಿ, ಪಾನೀಯ ಯಾವುದು? ಸೋಡಾ ಇರಬಹುದು, ಪೆಪ್ಪರ್‌ಮಿಂಟ್ ಇರಬಹುದು, ಊರಿನ ಒಂದೇ ಬೇಕರಿಯಲ್ಲಿ ಸಿಗ್ತಿದ್ದ ಬಿಸ್ಕತ್ತು ಇರಬಹುದು. ಬಣ್ಣ, ವಾಸನೆ, ಬಾಟಲಿಯ ಆಕಾರ, ಬೆಲೆ, ಎಲ್ಲಿ ನಿಂತು ಕುಡೀತಿದ್ರು, ಎಲ್ಲ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಗೆದ್ದ ಕೋಲಾಗಳ ಚರಿತ್ರೆಯನ್ನ ಕಂಪನಿಗಳು ಬರೆಸಿಕೊಳ್ತವೆ. ಇದನ್ನ ನಾವು ಬರೀದಿದ್ರೆ ಬೇರೆ ಯಾರೂ ಬರೆಯಲ್ಲ.

ಕೇಳುವಾಗ ಒಂದು ಮಾತು ನೆನಪಿರಲಿ. 'ಯಾಕೆ ಇಷ್ಟ ಆಯ್ತು' ಅನ್ನಬೇಡಿ. 'ಹೇಗಿತ್ತು' ಅಂತ ಕೇಳಿ.

#ಡಬಲ್‌ಸೆವೆನ್ #ಸೋತವರಚರಿತ್ರೆ #ಮೈಸೂರು #ಕನ್ನಡದಲ್ಲಿಇತಿಹಾಸ