ಕುಂಚ ಮತ್ತು ವೀಣೆಯ ನಡುವೆ

ಮಂಡ್ಯ, ಮದ್ದೂರು, ಮಳವಳ್ಳಿಗಳವರಾದ ನಮಗೆ ಅತ್ತ ಬೆಂಗಳೂರೂ ಇತ್ತ ಮೈಸೂರೂ ನೆರೆಮನೆಗಳಿದ್ದಂತೆ. ಚಿತ್ರಕಾರ ಕೆ. ವೆಂಕಟಪ್ಪನವರ ಬಾಳು ಬಹುಮಟ್ಟಿಗೆ ಹರಡಿಕೊಂಡಿದ್ದುದು ಈ ಎರಡೂರುಗಳಲ್ಲಿಯೇ. ಅವರಿಗೂ ವಾಗ್ಗೇಯಕಾರ ವೀಣೆ ಶೇಷಣ್ಣನವರಿಗೂ ಇದ್ದ ನಂಟನ್ನು ಗುರುಶಿಷ್ಯ ಸಂಬಂಧವೆಂದು ಒಂದು ಮಾತಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಆ ನಂಟಿನೊಳಗೆ ಒಂದು ಸಂಕಟವೂ ಇತ್ತು.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ 1909ರಲ್ಲಿ ಕಲ್ಕತ್ತೆಗೆ ಹೋದ ವೆಂಕಟಪ್ಪನವರು ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ನಂದಲಾಲ ಬಸು ಅವರ ಒಡನಾಡಿ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ 1913ರ ಪುರಾಣಕಥಾಗ್ರಂಥದಲ್ಲಿ ಅವರ ಚಿತ್ರಗಳಿವೆ. ಅಲ್ಲಿ ಕಲಿತದ್ದು ತಾಳ್ಮೆಯ ವಿದ್ಯೆ. ತೆಳುವಾದ ಜಲವರ್ಣವನ್ನು ಹಚ್ಚಬೇಕು, ಕಾಗದವನ್ನು ನೀರಿನಲ್ಲಿ ಅದ್ದಬೇಕು, ಒಣಗಿಸಿ ಮತ್ತೆ ಹಚ್ಚಬೇಕು. ಬಣ್ಣ ಪದರಪದರವಾಗಿ ಕೂರಬೇಕು.

ಅಂಥವರು ಮೈಸೂರಿಗೆ ಮರಳಿ ಶೇಷಣ್ಣನವರ ಮುಂದೆ ವೀಣೆ ಹಿಡಿದು ಕುಳಿತರು. 1852ರಲ್ಲಿ ಹುಟ್ಟಿದ ಶೇಷಣ್ಣನವರು ಶಿಷ್ಯನಿಗಿಂತ 30ಕ್ಕೂ ಹೆಚ್ಚು ವರ್ಷ ಹಿರಿಯರು. ಸ್ವರಜತಿ, ವರ್ಣ, ತಿಲ್ಲಾನಗಳನ್ನು ರಚಿಸಿದವರು. ಪಿಟೀಲು, ಹಾರ್ಮೋನಿಯಂ, ಪಿಯಾನೋಗಳನ್ನೂ ಒಲಿಸಿಕೊಂಡವರು. ತಮಗೆ ಬಂದ ಪಲ್ಲಕ್ಕಿಯ ಗೌರವವನ್ನು ವೀಣೆಗೆ ಒಪ್ಪಿಸಿ ತಾವು ನಡೆದೇ ಬಂದರೆಂಬ ಕಥೆ ಮೈಸೂರಿನಲ್ಲಿ ಮನೆಮಾತು. ಒಂದು ವಾದ್ಯದಿಂದ ಇನ್ನೊಂದಕ್ಕೆ ಸಲೀಸಾಗಿ ಕೈ ಹರಿಸುವ ಹಿರಿಯರು ಅವರು. ವೆಂಕಟಪ್ಪನವರದಾದರೋ ಹಿಡಿದದ್ದನ್ನು ಬಿಡದ ಜಾಯಮಾನ. ಮದುವೆಯಾಗದೆ ಒಂಟಿಯಾಗಿಯೇ ಉಳಿದವರು. ವೀಣೆಯ 24 ಮೆಟ್ಟುಗಳು ಕೇಳುವುದೂ ದಿನದ ಹೊತ್ತನ್ನೇ, ಕುಂಚ ಬೇಡುವುದೂ ಅದನ್ನೇ. ತಂತಿ ಮೀಟುವ ಬಲಗೈಯೇ ಬಣ್ಣವನ್ನೂ ಹಚ್ಚಬೇಕು! ಹಾಗೆಂದು ಕುಂಚ ಕೈತಪ್ಪಿ ಹೋಗಲಿಲ್ಲ. ಉದಕಮಂಡಲ, ಕೊಡೈಕೆನಾಲುಗಳ ನಿಸರ್ಗಚಿತ್ರಗಳನ್ನು ನೋಡಿದವರಿಗೆ ಅದು ಗೊತ್ತು.

ಈ ಇಕ್ಕಟ್ಟನ್ನು ಅವರು ಬಚ್ಚಿಡಲೂ ಇಲ್ಲ. 1926ರಲ್ಲಿ ರಚಿಸಿದ ಒಂದು ಚಿತ್ರಕ್ಕೆ ‘ವೀಣೆಯ ಹುಚ್ಚು ಹಿಡಿದವನು’ ಎಂಬರ್ಥದ ಇಂಗ್ಲಿಷ್ ಹೆಸರಿಟ್ಟರು. ಹುಚ್ಚು ಹಿಡಿದವರು ತಾವೇ. ಇದನ್ನು ಬರಿಯ ಗುರುಭಕ್ತಿಯ ಚಿತ್ರವೆಂದು ನಾನು ಒಪ್ಪಲಾರೆ. ಭಕ್ತಿಯಷ್ಟೇ ಆಗಿದ್ದರೆ ‘ಹುಚ್ಚು’ ಎಂಬ ಮಾತೇಕೆ? ಗುರು ಕೊಟ್ಟ ವರವೇ ವಂಶದ ವಿದ್ಯೆಗೆ ಪಾಲುಗಾರನಾಗಿ ಬಂದು ನಿಂತಿತೆಂಬ ಅಳಲು ಅದರಲ್ಲಿದೆ. ಸೋಜಿಗವೆಂದರೆ, ವೀಣೆಯ ಮೇಲಿನ ಆ ಮೋಹವನ್ನು ಹೇಳಿಕೊಳ್ಳಲು ಅವರು ಎತ್ತಿಕೊಂಡದ್ದು ವೀಣೆಯನ್ನಲ್ಲ, ಕುಂಚವನ್ನು.

ಶೇಷಣ್ಣನವರು ಕಾಲವಾದದ್ದೂ 1926ರಲ್ಲಿಯೇ. ಗುರುವಿಲ್ಲದ ಇನ್ನೂ 39 ವರ್ಷಗಳನ್ನು ಕಳೆದು ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು.